ಸುಗುಣಳ ಉರಿಮೂತ್ರ

“ಮತ್ತೆ ಉರಿಮೂತ್ರ ಕಣ್ರೀ. ಮಾತ್ರೆ ತಗೊಂಡ್ರೆ ಹೋಗುತ್ತೆ, ತಿಂಗಳೊಪ್ಪತ್ತಿಗೆ ಮತ್ತೆ ಬರುತ್ತೆ. ಈ ಸಲ ರಕ್ತಾನೂ ಹೋಗ್ತಿದೆ,” ಎಂದಳು ಸುಗುಣ, ಗಂಡನಿಗೆ ಕಾಫಿ ಕೊಡುತ್ತಾ.

ಮರಿಸ್ವಾಮಿ ಲೋಟ ಕೆಳಗಿಟ್ಟ. “ಡಾಕ್ಟ್ರಿಗೆ ತೋರಿಸಿದ್ಯಾ?”

“ಅದಕ್ಯಾಕೆ ಡಾಕ್ಟ್ರು? ಉಷ್ಣ ಅಷ್ಟೆ. ಬಾರ್ಲಿ ನೀರು ಕುಡಿದ್ರೆ ಸರಿಹೋಗುತ್ತೆ.”

“ಬಾರ್ಲಿ ನೀರಿಗೆ ರಕ್ತ ನಿಲ್ಲುತ್ತೇನೇ? ಬರೀ ಸೋಂಕೇ ಇರಬಹುದು. ಆದ್ರೆ ಈ ವಯಸ್ಸಲ್ಲಿ ಹೀಗೆ ಪದೇ ಪದೇ ಬಂದ್ರೆ, ಮೂತ್ರಕೋಶದಲ್ಲಿ ಕ್ಯಾನ್ಸರ್ ಇದೆಯೋ ಇಲ್ವೋ ಅಂತ ಒಂದ್ಸಲ ನೋಡಿಸಿಬಿಡ್ಬೇಕಂತೆ.”

“ಅಬ್ಬ, ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು?”

“ಎಲ್ಲೋ ಓದಿದ್ದೆ,” ಎಂದು ಅವನು ಕಿಟಕಿಯ ಕಡೆ ತಿರುಗಿದ.

ಸುಗುಣ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಒಳಗೆ ಕ್ಯಾಮೆರಾ ಹಾಕಿ ನೋಡುತ್ತಾರಂತೆ, ನಾಚಿಕೆಯಾಗುತ್ತದೆ, ಭಯವಾಗುತ್ತದೆ ಎಂದಳು. ಅವನು ವಾರವಿಡೀ ಗೋಗರೆದ, ಗದರಿದ, ಮಕ್ಕಳ ಮೇಲೆ ಆಣೆ ಹಾಕಿದ. “ಹೆದರಿಕೊಂಡು ಮನೇಲಿ ಮುಚ್ಚಿಟ್ಟುಕೊಂಡು ಕೂತ್ರೆ ಕಾಯಿಲೆ ಹೆದರಿ ಓಡಿಹೋಗುತ್ತಾ?” ಎಂದು ಹಂಗಿಸಿದ. ಕೊನೆಗೆ ಅವಳೇ ಆಸ್ಪತ್ರೆಗೆ ಫೋನು ಮಾಡಿ ಹೆಸರು ಬರೆಸಿದಳು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವನು ಹೆಂಡತಿಯ ಕೈ ಹಿಡಿದುಕೊಂಡು ಧೈರ್ಯ ಹೇಳುತ್ತಿದ್ದಾಗ ನರ್ಸ್ ಬಾಗಿಲಿಗೆ ಬಂದು ಕೂಗಿದಳು.

“ಮರಿಸ್ವಾಮಿ ಅಂದ್ರೆ ಯಾರ್ರೀ?”

ಅವನು ತಬ್ಬಿಬ್ಬಾಗಿ ಹೆಂಡತಿಯ ಮುಖ ನೋಡಿದ.

“ನನಗೇನೂ ಆಗಿಲ್ಲ ಕಣ್ರೀ,” ಎಂದಳು ಸುಗುಣ. “ದಿನಾ ಕಕ್ಕಸು ತೊಳೆಯೋಳು ನಾನು, ರಕ್ತ ಯಾರದ್ದು ಅಂತ ನನಗೆ ಗೊತ್ತಾಗಲ್ವಾ? ಏಳಿ, ಒಳಗೆ ನಡೀರಿ.”