ಡೋಲಿನ ಜಾಗ

ವೈದ್ಯರು ಎಕ್ಸ್‌ರೇ ಹಿಡಿಯುವಂತೆ ಪುಟ್ಟಿಯ ಮನೆಗೆ ಬಂದಿದ್ದ ಅವಳ ಸೋದರಮಾವ ಅಲ್ಲಿದ್ದ ಹಳೆಯ ಜನಪದ ಹಾಡಿನ ಗ್ರಾಮಫೋನ್ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ. ಉಳಿದೆಡೆ ಕನ್ನಡಿಯಂತೆ ಮಿರುಗುತ್ತಿದ್ದ ತಟ್ಟೆ ನಡುವೆ ಒಂದು ಬೆರಳಗಲ ಮಾತ್ರ ಬೂದಿಬಣ್ಣಕ್ಕೆ ತಿರುಗಿತ್ತು. ಸವರಿದರೆ ಬೆರಳಿಗೆ ಕಪ್ಪು ಪುಡಿ ಹತ್ತಿತು. ಮುಳ್ಳು ಅಲ್ಲಿ ಮತ್ತೆ ಮತ್ತೆ ಓಡಿತ್ತು, ಅದೂ ಈಚೆಗೆ.

"ಅಪ್ಪ ಹೋದ ಮೇಲೆ ಅದನ್ನ ಯಾರೂ ಮುಟ್ಟಿಲ್ಲ ಮಾವ," ಎಂದ ಪುಟ್ಟಿಯ ಗಂಡ. "ನಿಮ್ಮ ಥರ ತಟ್ಟೆ ಕೂಡಿಡೋ ಹುಚ್ಚು ನಮಗೆಲ್ಲಿ?"

"ಈ ಜಾಗದಲ್ಲಿ ಏನು ಬರತ್ತಪ್ಪ?"

"ಬರೀ ಡೋಲು. ಕಿವಿ ಕಿತ್ತುಹೋಗತ್ತೆ," ಎಂದು ಅವನು ನಕ್ಕ.

ಮಾವ ತಟ್ಟೆಯನ್ನು ಯಂತ್ರದ ಮೇಲಿಟ್ಟ. ಅಲ್ಲಿಯವರೆಗೆ ಬಾಯಿತುಂಬ ಮಾತಾಡುತ್ತಿದ್ದ ಪುಟ್ಟಿ, ಯಾರೂ ಹೇಳದಿದ್ದರೂ ಎದ್ದು ಹೋಗಿ ಬೀದಿಯ ಕಡೆಯ ಕಿಟಕಿಗಳನ್ನೆಲ್ಲ ಮುಚ್ಚಿದಳು.

"ಈ ಸೆಕೇಲಿ ಯಾಕೆ ಪುಟ್ಟಿ?"

"ಪಕ್ಕದ ಮನೆಯವರಿಗೆ ಕೇಳಿಸಬಾರದು ಮಾವ," ಎಂದಳು, ಪಾಠ ಒಪ್ಪಿಸುವವಳಂತೆ.

ಮಾವ ಮುಳ್ಳನ್ನು ಆ ಬೂದಿ ಪಟ್ಟಿಯ ಮೇಲೆ ಇಳಿಸಿದ. ಡೋಲು ಎದ್ದಿತು. ಅವಳ ಗಂಡ ಕುರ್ಚಿಯಿಂದ ಅಲುಗಲೂ ಇಲ್ಲ. ಆದರೂ ಪುಟ್ಟಿಯ ಎರಡೂ ಕೈಗಳು ತಾವಾಗಿಯೇ ಮೇಲೆದ್ದು ಮುಖಕ್ಕೆ ಅಡ್ಡ ಬಂದವು.