ಚುಕ್ಕೆ ಬಿದ್ದ ಮೂರನೆಯ ಬೆಳಿಗ್ಗೆ

ಲೇಪಾಕ್ಷಿಯಿಂದ ಹಿಂದೂಪುರಕ್ಕೆ ಹೋಗುವ ಮೊದಲ ಬಸ್ಸಿನ ಹಾರನ್ ಕೇಳಿಸುತ್ತಲೇ ಗಂಗಾದೇವಿ ಕೊಟ್ಟಿಗೆಯ ಪಕ್ಕದ ಚಾಪೆಯ ಮೇಲೆ ಎದ್ದು ಕೂತು ಅತ್ತೆಯನ್ನು ಕೂಗಿದಳು.

"ಅತ್ತೆ, ಮೊಟ್ಟೆ ಪೆಟ್ಟಿಗೆ ತೆಗೀರಿ. ಬೆಳಕು ಹರೀತಾ ಐತೆ."

ರಂಗಲಕ್ಷ್ಮಮ್ಮ ಕಾಫಿ ಲೋಟ ಹಿಡಿದು ಹೊರಗೆ ಬಂದರು. ಸೊಸೆಯಿಂದ ಒಂದು ಮಾರು ದೂರದಲ್ಲಿ ಅದನ್ನು ನೆಲದ ಮೇಲಿಟ್ಟು ಹಿಂದಕ್ಕೆ ಸರಿದರು. ಗಂಗಾದೇವಿ ನಿನ್ನೆ ಸಂಜೆ ಮುಟ್ಟಾಗಿದ್ದಳು. ಇನ್ನು ಮೂರು ದಿನ ಅವಳ ಕೈಗೆ ಯಾರೂ ಏನನ್ನೂ ಕೊಡುವಂತಿಲ್ಲ. ರೇಷ್ಮೆ ಹುಳದ ಕೋಣೆಯ ಮೇಲಂತೂ ಅವಳ ನೆರಳು ಬೀಳಕೂಡದು.

"ಮೊಟ್ಟೆ ತಂದಿಟ್ಟು ಇವತ್ತಿಗೆ ಒಂಬತ್ತೇ ದಿನ ಕಣಮ್ಮ. ಹತ್ತು ತುಂಬಬೇಕು. ನಾಳೆ ಮಂಗಳವಾರ, ಬ್ಯಾಡ. ಬುಧವಾರ ತೆಗೀತೀನಿ, ಸುಮ್ಕಿರು."

"ಬುಧವಾರಕ್ಕೆ ಕತ್ಲಲ್ಲೇ ಹುಟ್ಟಿ, ಸೊಪ್ಪಿಲ್ದೆ ಒಣಗಿರ್ತವೆ. ಈ ಬಿಸ್ಲಿಗೆ ಒಳಗಿನ ಮರಿ ಬೇಗ ಬೆಳೆದೈತೆ. ಶನಿವಾರ ಬೆಳಿಗ್ಗೆ ಭೂತಗನ್ನಡೀಲಿ ನೋಡಿದ್ದೆ, ಒಂದೊಂದು ಮೊಟ್ಟೇಲೂ ಸೂಜಿಮೊನೆಯಷ್ಟು ಕರೀ ಚುಕ್ಕೆ. ಅದು ತಲೆ. ಚುಕ್ಕೆ ಬಿದ್ದ ಮೇಲೆ ಎರಡು ದಿನ ಕತ್ಲು, ಮೂರನೇ ಬೆಳಿಗ್ಗೆ ಬೆಳಕು. ರೇಷ್ಮೆ ಟ್ರೈನಿಂಗ್‌ನಲ್ಲಿ ಮೇಡಂ ಹಂಗೇ ಹೇಳಿದ್ರು."

"ಒಂದು ಸಲ ಇಣುಕಿ ನೋಡ್ತೀನಿ ತಾಳು."

"ಇಣುಕೋದು ಬ್ಯಾಡ ಅತ್ತೆ. ತೆಗೆದ್ರೆ ತೆಗೆದಂಗೇ."

ಹೋದ ಸಲ ರಂಗಲಕ್ಷ್ಮಮ್ಮ ದೀಪ ಹಿಡಿದು ಮೂರು ಸಲ ಇಣುಕಿದ್ದರು. ಬೆಳಕು ಕಂಡಾಗಲೆಲ್ಲ ಒಂದಿಷ್ಟು ಮೊಟ್ಟೆ ಒಡೆದವು. ಮೊದಲು ಹುಟ್ಟಿದವು ಪೊರೆ ಬಿಡಲು ಮಲಗಿದರೆ, ಆಮೇಲೆ ಹುಟ್ಟಿದವು ಸೊಪ್ಪಿಗಾಗಿ ಬಾಯಿ ಬಿಡುತ್ತಿದ್ದವು. ಯಾವುದಕ್ಕೂ ಸರಿಯಾಗಿ ಮೇವು ಸಿಗದೆ ಅಷ್ಟೂ ತಟ್ಟೆಗಳು ತಿಪ್ಪೆ ಸೇರಿದ್ದವು.

ಜಗಲಿಯ ಮೇಲೆ ಮುಸುಕು ಹೊದ್ದಿದ್ದ ಮಾವ ಗಿರಿಯಪ್ಪ ತಲೆ ಹೊರಗೆ ಹಾಕಿದರು. "ಏಮ್ಮೇ, ಪೊದ್ದುನ್ನೇ, ಬೆಳಬೆಳಿಗ್ಗೇನೇ ಏನ್ ಪಂಚಾಯ್ತಿ ನಿಮ್ದು? ಇನ್ನೊಂದು ಕಿತ ಕೆಟ್ರೆ ಹಿಪ್ಪುನೇರಳೆ ಎಲ್ಲಾ ಅಗೆದು ಕಡ್ಲೇಕಾಯಿ ಹಾಕ್ತೀನಿ ಅಂದಿದ್ದೀನಿ. ಗುದ್ದಲಿಗೆ ಹೊಸ ಕಾವೂ ಹಾಕ್ಸಿದ್ದೀನಿ."

ಆ ಅರ್ಧ ಎಕರೆಗೆ ಒಂದೊಂದೇ ಕಡ್ಡಿ ನೆಟ್ಟು, ಬೇರು ಬಿಡುವ ತನಕ ಬಿಂದಿಗೆಯಲ್ಲಿ ನೀರು ಹೊತ್ತವಳು ಗಂಗಾದೇವಿ. ಅವಳು ಅತ್ತೆಯ ಕಡೆ ತಿರುಗಿದಳು. ಚಾಪೆಯಿಂದ ಒಂದು ಕಡ್ಡಿ ಕಿತ್ತು ಮಣ್ಣಿನಲ್ಲಿ ಮೊಟ್ಟೆಯಂತೆ ಒಂದು ಸುತ್ತು ಗೀಚಿದಳು. ಅದರೊಳಗೆ ಬಾಗಿದ ಒಂದು ಗೆರೆ.

"ನೋಡಿ ಅತ್ತೆ. ಮೊದ್ಲು ಬರೀ ಪಟ್ಟಿ ಥರ ಇರ್ತದೆ. ಆಮೇಲೆ ಕಬ್ಬಿನಂಗೆ ಗೆಣ್ಣು ಗೆಣ್ಣಾಗಿ ಮೈ ಆಯ್ತದೆ. ಗೆಣ್ಣು ಗೆಣ್ಣಿಗೂ ಕಾಲು ಮೊಳೀತವೆ, ಬ್ಯಾಡದ್ದು ಮುದುರಿ ಹೋಯ್ತವೆ. ಅಲ್ಲೀಗಂಟ ಮರಿ ಹಿಂದಕ್ಕೆ ಬಾಗಿರ್ತದೆ, ಕಾಲು ಹೊರಗಡೆ. ಆಮೇಲೆ ಒಂದು ದಿನ ಒಳಗೊಳಗೇ ಹೊರಳ್ತದೆ. ಹೊಟ್ಟೆ ಒಳಗೆ, ಬೆನ್ನು ಹೊರಗೆ."

ರಂಗಲಕ್ಷ್ಮಮ್ಮ ಎರಡು ಹೆಜ್ಜೆ ಮುಂದೆ ಬಂದರು. ಸುತ್ತಲ ನಾಲ್ಕು ಹಳ್ಳಿಯ ಹೆರಿಗೆ ಮಾಡಿಸಿದ ಸೂಲಗಿತ್ತಿ ಅವರು.

"ಹುಳನೂ ಹೊರಳ್ತದಾ?"

"ಹೊರಳಿದ ಮೇಲೇ ಚುಕ್ಕೆ ಕಾಣೋದು. ಹೆರಿಗೆಗೆ ಹೋದಾಗ ನೀವು ದಿನ ಎಣಿಸ್ತೀರೋ, ಹೊಟ್ಟೆ ಮುಟ್ಟಿ ನೋಡ್ತೀರೋ?"

ಮುದುಕಿ ಮಣ್ಣಿನ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಒಳಗೆ ಹೋದರು. ಕರಿ ಕಾಗದ ಸುತ್ತಿದ ಪೆಟ್ಟಿಗೆ, ತಟ್ಟೆ, ಹೆಚ್ಚಿದ ಎಳೆ ಸೊಪ್ಪು, ಒಂದು ಕೋಳಿ ಗರಿ, ಎಲ್ಲವನ್ನೂ ತಂದು ಅಂಗಳದ ಬೇವಿನ ಕೆಳಗೆ ಜೋಡಿಸಿದರು.

"ಇದೇನೇ, ಹುಳ ಹೊರಗೆ ತಂದ್ಬುಟ್ಟೆ?" ಗಿರಿಯಪ್ಪ ಎದ್ದು ಕೂತರು.

"ಇವಳು ಒಳಗೆ ಹೋಗಬಾರ್ದು ಅಂತ ನಮ್ಮತ್ತೆ ಹೇಳಿದ್ಲು. ಹುಳ ಹೊರಗೆ ಬರಬಾರ್ದು ಅಂತ ಹೇಳಿರ್ಲಿಲ್ಲ. ನೀವು ಮುಸುಕು ಹಾಕ್ಕೊಳ್ರಿ."

ರಂಗಲಕ್ಷ್ಮಮ್ಮ ಕಾಗದ ಬಿಚ್ಚಿದರು. ಪೆಟ್ಟಿಗೆಯೊಳಗಿನ ಹಾಳೆಗೆ ಅಂಟಿದ್ದ ಮೊಟ್ಟೆಗಳು ನೀಲಿ ಬೂದಿಯ ಬಣ್ಣಕ್ಕೆ ತಿರುಗಿದ್ದವು. ಗಂಗಾದೇವಿ ಮಾರು ದೂರದಲ್ಲೇ, ಮೊಣಕಾಲು ತಬ್ಬಿಕೊಂಡು ಕಾದಳು. ಕಾಫಿ ಆರಿ ಕೆನೆಗಟ್ಟಿತು. ಬಿಸಿಲು ಎದುರು ಗೋಡೆಯನ್ನು ಮುಟ್ಟುವ ಹೊತ್ತಿಗೆ ಹಾಳೆ ಸಣ್ಣಗೆ ಮಿಸುಕಿತು. ಒಂದಲ್ಲ, ಹತ್ತಲ್ಲ, ಇಡೀ ಹಾಳೆಯೇ ಕರಿ ಇರುವೆ ಮುತ್ತಿದಂತೆ ಕದಲಿತು.

ರಂಗಲಕ್ಷ್ಮಮ್ಮ ಸೊಪ್ಪು ಉದುರಿಸಿ, ಹುಳಗಳನ್ನು ಗರಿಯಿಂದ ತಟ್ಟೆಗೆ ಸವರಲು ಹೋದರು. ಹುಳ ಯಾವುದು, ಸೊಪ್ಪಿನ ಚೂರು ಯಾವುದು, ಅವರ ಕಣ್ಣಿಗೆ ಹತ್ತಲಿಲ್ಲ. ಗರಿಯ ದಂಟು ಒತ್ತಿ ನಾಲ್ಕು ಹುಳ ಹಾಳೆಗೇ ಅಂಟಿಹೋದವು.

"ಮೆತ್ತಗೆ ಅತ್ತೆ. ತುದೀಲಿ."

"ಕಾಣಬೇಕಲ್ಲಮ್ಮ."

ಇನ್ನೆರಡು ಅಂಟಿದವು. ಅವರು ಕೈ ತಡೆದರು. ಸೊಸೆಯನ್ನು ನೋಡಿದರು. ಗರಿ ಹಿಡಿದು ಅವಳ ಬಳಿಗೆ ಬಂದು, ಅಭ್ಯಾಸದಂತೆ ನೆಲದ ಮೇಲಿಡಲು ಬಗ್ಗಿದವರು ಅರ್ಧಕ್ಕೇ ನಿಂತರು. ಗರಿಯ ತುದಿಯಲ್ಲಿ ಒಂದು ಹುಳ ಜೋತಾಡುತ್ತಿತ್ತು. ನೆಲಕ್ಕಿಟ್ಟರೆ ಅದು ಮಣ್ಣಿನ ಪಾಲು.

"ಕೈ ನೀಡು," ಎಂದರು.