ಶೆಟ್ಟರ ಕಾರಿನ ಬ್ಯಾಟರಿ

ಸ್ಟಾರ್ಟರಿನ ಗುಂಡಿ ಒತ್ತಿದರೆ ‘ಟಕ್’ ಎಂದಿತು, ಅಷ್ಟೆ. ಹಾರ್ನು ಒಮ್ಮೆ ಕ್ಷೀಣವಾಗಿ ಕೆಮ್ಮಿ ಸುಮ್ಮನಾಯಿತು. ತಿಂಗಳಲ್ಲಿ ಇದು ಮೂರನೇ ಸಲ. ಭುಜಬಲಿ ಶೆಟ್ಟರು ಕಾರನ್ನು ನೋಡಲಿಲ್ಲ. ಡ್ರೈವರ್ ಮಾರಪ್ಪನ ಮುಖ ನೋಡಿದರು.

“ಬ್ಯಾಟ್ರಿ ಇಳಿದ್ಹೋಗಿದೆ ಒಡೇರೆ.”

“ತಾನಾಗೇ ಇಳೀತೋ, ಯಾರಾದ್ರೂ ಇಳಿಸಿದ್ರೋ?”

ಮಾರಪ್ಪ ಒರೆಸಿದ ಕೈಯನ್ನೇ ಮತ್ತೊಮ್ಮೆ ಒರೆಸಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಶೆಟ್ಟರಿಗೆ ಹಾಗೇ ಕಂಡಿತು. ಒಂಬತ್ತು ವರ್ಷದಿಂದ ಮನೆಯವನಂತೆ ಇದ್ದ ಮನುಷ್ಯ, ನಿಜ. ಆದರೆ ಅವನ ಭಾವಮೈದ ಹೊಸದಾಗಿ ಕೋವಿ ಕೊಂಡಿದ್ದಾನೆಂಬ ಸುದ್ದಿ ಹೊಸನಗರದ ಪೇಟೆಯಲ್ಲಿ ಕಿವಿಗೆ ಬಿದ್ದಾಗಿನಿಂದ ಶೆಟ್ಟರ ಮನಸ್ಸು ನೆಟ್ಟಗಿರಲಿಲ್ಲ.

ಸಾಗರದಿಂದ ಮೆಕ್ಯಾನಿಕ್ ಜಟ್ಟಿಂಗಪ್ಪನನ್ನು ಕರೆಸಿದರು. ಪರೀಕ್ಷೆಗೆಂದು ಚಾರ್ಜು ತುಂಬಿದ ಬೇರೊಂದು ಬ್ಯಾಟರಿ ಹೊತ್ತುಕೊಂಡು ಬಸ್ಸಿನಲ್ಲಿ ಬಂದವನು ನೇರ ಷೆಡ್ಡಿಗೆ ನಡೆದ. ಷೆಡ್ಡು ಮನೆಯ ಗೋಡೆಗೇ ತಗುಲಿಕೊಂಡಿತ್ತು, ನಡುವೆ ಒಂದು ಒಳಬಾಗಿಲು. ಹಳೆಯ ಬ್ಯಾಟರಿಯ ಮುಚ್ಚಳ ತೆಗೆದು, ಗಾಜಿನ ಕೊಳವೆಯಲ್ಲಿ ಆ್ಯಸಿಡ್ ಹೀರಿ ನೋಡಿದ. ಕೊಳವೆಯೊಳಗೆ ತೇಲಬೇಕಾದ ಬುರುಡೆ ತಳ ಕಚ್ಚಿತು, ಚಾರ್ಜು ಪೂರ್ತಿ ಖಾಲಿ. ತಾನು ತಂದದ್ದನ್ನು ಕೂರಿಸಿ ಇಂಜಿನ್ ಓಡಿಸಿದ. ಮೀಟರಿನ ಮುಳ್ಳು ಚಾರ್ಜಿನ ಕಡೆಗೆ ವಾಲಿತು. ಇಂಜಿನ್ ನಿಲ್ಲಿಸಿ, ಸ್ವಿಚ್ಚುಗಳನ್ನೆಲ್ಲ ಆರಿಸಿ, ಒಂದು ತಂತಿ ಬಿಚ್ಚಿ ಅದರ ತುದಿಯನ್ನು ಬ್ಯಾಟರಿಗೆ ಮೂರು ಸಲ ತಾಗಿಸಿದ. ಒಂದು ಕಿಡಿಯೂ ಹಾರಲಿಲ್ಲ.

“ಡೈನಮೋ ಸರಿ ಇದೆ ಶೆಟ್ರೆ. ಕರೆಂಟು ಎಲ್ಲೂ ಸೋರ್ತಿಲ್ಲ. ನಿಂತ ಗಾಡೀಲಿ ಯಾರೋ ತಾಸುಗಟ್ಲೆ ದೀಪ ಉರ್ಸಿದಾರೆ.”

“ನಿಂತ ಗಾಡಿಗೆ ದೀಪ ಯಾಕೋ?”

ಜಟ್ಟಿಂಗಪ್ಪ ದನಿ ತಗ್ಗಿಸಿದ. “ತೀರ್ಥಳ್ಳಿ ಕಡೆ ಶಿಕಾರಿಯೋರು ಹಿಂಗೇ ಮಾಡ್ತಾರೆ. ಕಾಡಂಚಲ್ಲಿ ಗಾಡಿ ನಿಲ್ಸಿ ದೀಪ ಬಿಡೋದು. ಪ್ರಾಣಿ ಕಣ್ಣು ಕೋರೈಸಿ ನಿಂತ್ಬಿಡ್ತದೆ. ಆಮೇಲೆ ಢಂ!”

ಶೆಟ್ಟರು ಕಾರಿನ ಬಾಗಿಲು ತೆರೆದು ಒಳಗೆ ಬಗ್ಗಿ ನೋಡಿದರು. ಸೋಸದ ನೀರನ್ನೂ ಕುಡಿಯದ ಜೈನರ ಮನೆ ಅದು. ಹಿಂದಿನ ಸೀಟಿನ ಸಂದಿಯಲ್ಲಿ ಏನೋ ಮಿನುಗಿತು. ಜಟ್ಟಿಂಗಪ್ಪ ಎಳೆದು ತೆಗೆದ: ನವಿಲುಗರಿಯ ತುಣುಕು.

“ಆದ್ರೆ ಪೆಟ್ರೋಲು ಇಳಿದಿಲ್ವಲ್ಲ ಶೆಟ್ರೆ,” ಎಂದು ಅವನೇ ರಾಗ ಎಳೆದ.

“ಕೊಂದೋರು ತುಂಬ್ಸಿರ್ತಾರೆ ಬಿಡು!”

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅನುಮಾನ ಒಮ್ಮೆ ಒಳಗೆ ಬಂದು ಕೂತರೆ ಪ್ರಶ್ನೆಗೂ ಉತ್ತರಕ್ಕೂ ಅದೇ ಯಜಮಾನ.

ಮಧ್ಯಾಹ್ನ ಊಟಕ್ಕೆ ಕೂತಾಗ ತಾಯಿ ಜಿನಮ್ಮ ಮಣೆಯ ಮೇಲಿನ ಇರುವೆಗಳನ್ನು ಮೆಲ್ಲಗೆ ಸರಿಸಿ ಕೂತರು. ಚಾತುರ್ಮಾಸ ನಡೆಯುತ್ತಿತ್ತು. ಮುದುಕಿಗೆ ಒಪ್ಪತ್ತಿನ ವ್ರತ. ಈ ಸುದ್ದಿ ಕಿವಿಗೆ ಬಿದ್ದರೆ ಆ ಒಂದು ಹೊತ್ತನ್ನೂ ಬಿಟ್ಟಾರೆಂದು ಶೆಟ್ಟರಿಗೆ ಭಯ.

“ಕಾರಿಗೇನಾಗಿದೆಯಂತೋ?”

“ಏನಿಲ್ಲಮ್ಮ.”

“ಅದರಿಂದ ಒಂದು ಜೀವಕ್ಕೂ ನೋವಾಗಬಾರದು ನೋಡು ಮಗಾ.”

ಶೆಟ್ಟರು ಊಟ ಅರ್ಧಕ್ಕೇ ಬಿಟ್ಟು ಎದ್ದರು. ಕೈತೊಳೆದವರೇ ಹೊರಗೆ ಬಂದು ಮಾರಪ್ಪನನ್ನು ಕರೆದರು.

“ಷೆಡ್ಡಿನ ಬೀಗದ ಕೈ ಒಂದು ನನ್ನ ಹತ್ರ, ಇನ್ನೊಂದು ನಿನ್ನ ಹತ್ರ. ಗಾಡೀನ ಶಿಕಾರಿಗೆ ಒಯ್ದು ದೀಪ ಉರ್ಸಿದ ಮೂರನೆಯವರು ಯಾರೋ?”

“ಒಡೇರೆ, ನಮ್ಮಪ್ಪನಾಣೆ, ನಾನು ಒಂದು ಗುಬ್ಬೀನೂ ಹೊಡ್ದೋನಲ್ಲ. ದೀಪ ಯಾರು ಉರ್ಸಿದ್ರೋ ನಂಗೊತ್ತಿಲ್ಲ.”

“ಗರಿ ಎಲ್ಲಿಂದ ಬಂತು?”

“ಯಾವ ಗರಿ ಒಡೇರೆ?” ಎಂದು ಮಾರಪ್ಪ ಷೆಡ್ಡಿನ ಕಡೆ ತಿರುಗಿದ. ಶೆಟ್ಟರಿಗೆ ಅಷ್ಟೇ ಸಾಕಾಯಿತು.

“ಜೀವ ತೆಗೆದ ಕೈಯಿಂದ ನನ್ನ ಗಾಡಿ ಮುಟ್ಟಬೇಡ. ಹೋಗು.”

ಮೂವತ್ತೆಂಟನೇ ಇಸವಿ ಅದು. ಪೇಟೆಗೆಲ್ಲ ಇದ್ದದ್ದು ಶೆಟ್ಟರ ಕಾರೊಂದೇ. ಯಜಮಾನನ ಗಾಡಿ ಕದ್ದು ಶಿಕಾರಿಗೆ ಒಯ್ದವನೆಂಬ ಹೆಸರು ಬಂದಮೇಲೆ ಸಾಗರದಿಂದ ತೀರ್ಥಹಳ್ಳಿಯವರೆಗೆ ಯಾರೂ ಅವನ ಕೈಗೆ ಸ್ಟಿಯರಿಂಗ್ ಕೊಡುವಂತಿರಲಿಲ್ಲ. ಮಾರಪ್ಪನಿಗೂ ಅದು ಗೊತ್ತಿತ್ತು. ಬೀಗದ ಕೈ ಮೆಟ್ಟಿಲ ಮೇಲಿಟ್ಟು, ಟೋಪಿ ತೆಗೆದು, ಕಣ್ಣೊರೆಸಿಕೊಂಡು ಹೋದ. ಶೆಟ್ಟರು ಎರಡು ಮೆಟ್ಟಿಲು ಇಳಿದರು. ಆದರೂ ಕರೆಯಲಿಲ್ಲ.

ಜಟ್ಟಿಂಗಪ್ಪ ಎರಡೂ ಬ್ಯಾಟರಿಗಳನ್ನು ಎತ್ತಿಕೊಂಡು, ಹಳೆಯದಕ್ಕೆ ಚಾರ್ಜು ತುಂಬಿಸಿ ತರುತ್ತೇನೆಂದು ಸಾಗರದ ಬಸ್ಸು ಹತ್ತಿದ.

ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ, ಮತ್ತೆ ನಡೆದೇ ಅಂಗಡಿಗೆ ಹೋಗಿ ಒಂಬತ್ತಕ್ಕೆ ಮನೆಗೆ ಬರುವುದು ಶೆಟ್ಟರ ರೂಢಿ. ಅಂದು ಮನಸ್ಸಾಗಲಿಲ್ಲ. ಜಗಲಿಯ ಮೇಲೆ ಕೂತೇ ಇದ್ದರು. ಪಾಪಿಯನ್ನು ಹೊರಗಟ್ಟಿದೆ, ಮನೆ ಶುದ್ಧವಾಯಿತು ಎಂದು ತಮಗೆ ತಾವೇ ಎರಡು ಸಲ ಹೇಳಿಕೊಂಡರು.

ಕತ್ತಲು ಕವಿಯುವ ಹೊತ್ತಿಗೆ ಜಿನಮ್ಮ ಷೆಡ್ಡಿನ ಕಡೆಯ ಒಳಬಾಗಿಲಿನಿಂದ ಬಂದರು. ಮೂಗಿನ ಮೇಲೆ ಕನ್ನಡಕ, ಕಂಕುಳಲ್ಲಿ ಪುರಾಣದ ಹೊತ್ತಗೆ, ಹಾಳೆಗಳ ನಡುವೆ ಗುರುತಿಗಿಟ್ಟ ನವಿಲುಗರಿ.

“ಭುಜಬಲಿ, ಕಾರಿನೊಳಗಿನ ದೀಪ ಇವತ್ತು ಯಾಕೋ ಹತ್ತುತ್ತಿಲ್ಲ, ಮಾರಪ್ಪನ್ನ ಸ್ವಲ್ಪ ಕರಿ, ಎಣ್ಣೆದೀಪ ಹಚ್ಚಿಕೊಂಡು ಓದಿದರೆ ಹುಳಗಳು ಬಿದ್ದು ಸಾಯ್ತಾವೆ ಅಂತಲೇ ನಾನು ದಿನಾ ಅಲ್ಲಿ ಕೂತು ಓದೋದು.”